ಕಾಗದದ ಲೆಕ್ಕದಲ್ಲಿ ಕಾಣದ ರದ್ದಿ

ಹೊರದೇಶದಿಂದ ಕಾಗದ ಮತ್ತು ರಟ್ಟು ತರಿಸಲು ಚೀನಾ ಎಷ್ಟು ಹಣ ತೆತ್ತಿತು, ಭಾರತ ಎಷ್ಟು ತೆತ್ತಿತು? ವರ್ಷವಾರು ಎರಡು ಸಾಲು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಉತ್ತರ ಸಿಕ್ಕಂತೆ ಕಾಣುತ್ತದೆ. ಆದರೆ ಆ ಅಂಕಿಗಳಲ್ಲಿ ಏನು ಸೇರಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ಮೊದಲು ನೋಡಬೇಕು.

ಜಗತ್ತಿನ ಬಹುತೇಕ ಸುಂಕದ ಕಟ್ಟೆಗಳು ಸರಕನ್ನು ಒಂದೇ ಬಗೆಯ ಅಧ್ಯಾಯಗಳಲ್ಲಿ ವಿಂಗಡಿಸುತ್ತವೆ. ಕಾಗದ, ರಟ್ಟು 48ನೇ ಅಧ್ಯಾಯಕ್ಕೆ ಸೇರುತ್ತವೆ. ರದ್ದಿ ಕಾಗದ ಮತ್ತು ಮರದ ತಿರುಳು 47ನೆಯದಕ್ಕೆ. ಚೀನಾದ ಕಥೆಯೆಲ್ಲ ಅಡಗಿರುವುದು ಈ ಎರಡು ಅಧ್ಯಾಯಗಳ ನಡುವೆ.

ಚೀನಾದ ಸರಕು ರಟ್ಟಿನ ಪೆಟ್ಟಿಗೆಗಳಲ್ಲಿ ಅಮೆರಿಕಕ್ಕೆ ಹೋಗುತ್ತಿತ್ತು. ಹಡಗುಗಳು ಬರಿದಾಗಿ ಮರಳುತ್ತಿದ್ದವು. ಅವುಗಳಲ್ಲಿ ರದ್ದಿ ತುಂಬಿ ತಂದರೆ ಸಾಗಣೆ ಅಗ್ಗ. ಈ ಸೂಕ್ಷ್ಮವನ್ನು ಹಿಡಿದ ಝಾಂಗ್ ಯಿನ್ ಎಂಬ ಮಹಿಳೆ 1990ರಲ್ಲಿ ಅಮೆರಿಕದಲ್ಲಿ ರದ್ದಿ ವ್ಯಾಪಾರ ಆರಂಭಿಸಿದರು. 1995ರಲ್ಲಿ ಚೀನಾದಲ್ಲಿ ‘ನೈನ್ ಡ್ರ್ಯಾಗನ್ಸ್’ ಕಾರ್ಖಾನೆ ಕಟ್ಟಿದರು. 2006ರಲ್ಲಿ ಹುರುನ್ ಪಟ್ಟಿಯ ಪ್ರಕಾರ ಅವರೇ ಚೀನಾದ ಅತಿ ಶ್ರೀಮಂತ ವ್ಯಕ್ತಿ. ರದ್ದಿಯಿಂದ! 2016ರ ಸುಮಾರಿಗೆ ಆ ದೇಶ ವರ್ಷಕ್ಕೆ ಸುಮಾರು 2.8 ಕೋಟಿ ಟನ್ ರದ್ದಿ ತರಿಸುತ್ತಿತ್ತು. ‘ಕಾಗದದ ಆಮದು’ ಎಂಬ ಸಾಲಿನಲ್ಲಿ ಇದರ ಸುಳಿವೇ ಇರಲಿಲ್ಲ.

2018ರಲ್ಲಿ ಚೀನಾ ಬೆರಕೆ ರದ್ದಿಯನ್ನು ತಡೆಯಿತು. 2021ರ ಆರಂಭದಿಂದ ರದ್ದಿಯ ಆಮದನ್ನೇ ನಿಲ್ಲಿಸಿತು. ಕಾರ್ಖಾನೆಗಳಿಗೆ ನಾರು ಬೇಕಲ್ಲ? ಹಿಂದೆ ರದ್ದಿಯಾಗಿ ಬರುತ್ತಿದ್ದುದರಲ್ಲಿ ಒಂದು ಪಾಲು ತಿರುಳಾಗಿ, ಒಂದು ಪಾಲು ತಯಾರಾದ ರಟ್ಟಾಗಿ ಬರತೊಡಗಿತು. ರಟ್ಟಾಗಿ ಬಂದದ್ದು 48ನೇ ಅಧ್ಯಾಯದ ಮೊತ್ತವನ್ನು ಏರಿಸಿತು. ಚೀನೀಯರು ಹೆಚ್ಚು ಕಾಗದ ಬಳಸಿದರೆಂದು ಅದಕ್ಕೆ ಅರ್ಥವಲ್ಲ.

ಭಾರತದ ಅಂಕಿಗಳಿಗೆ ಬೇರೆಯದೇ ತೊಡಕು. ಬಹುಕಾಲ ಇಲ್ಲಿ ಪತ್ರಿಕಾ ಕಾಗದಕ್ಕೆ ಕೋಟಾ ಇತ್ತು. ಪತ್ರಿಕೆಗಳು ಹತ್ತು ಪುಟ ಮೀರಬಾರದೆಂಬ ಆಮದು ನೀತಿಯನ್ನು ಸುಪ್ರೀಂ ಕೋರ್ಟ್ 1972ರಲ್ಲಿ ಬೆನೆಟ್ ಕೋಲ್ಮನ್ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ಅಂಥ ವರ್ಷಗಳ ಆಮದಿನ ಮೊತ್ತ ಸರ್ಕಾರ ಎಷ್ಟು ಬಿಟ್ಟಿತು ಎಂಬುದನ್ನು ಹೇಳುತ್ತದೆ, ಓದುಗನಿಗೆ ಎಷ್ಟು ಬೇಕಿತ್ತು ಎಂಬುದನ್ನಲ್ಲ. ನಮ್ಮ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಪತ್ರಿಕಾ ಕಾಗದವನ್ನೂ ತಯಾರಿಸುತ್ತಿತ್ತು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು.

ಇನ್ನು ರೂಪಾಯಿಯ ಮಾತು. 1990ರಲ್ಲಿ ಡಾಲರಿಗೆ ಸುಮಾರು 17 ರೂಪಾಯಿ, 2024ರಲ್ಲಿ 83ರ ಆಸುಪಾಸು. ಟನ್ನಿಗೆ 600 ಡಾಲರ್ ಬೆಲೆಯ ಕಾಗದ ಎಂದಿಟ್ಟುಕೊಳ್ಳಿ. ಅಂದು ಅದಕ್ಕೆ ಸುಮಾರು 10 ಸಾವಿರ ರೂಪಾಯಿ, 2024ರಲ್ಲಿ 50 ಸಾವಿರ. ಕಾಗದ ಒಂದು ಹಾಳೆಯೂ ಹೆಚ್ಚಿಲ್ಲ. ಆದ್ದರಿಂದ ರೂಪಾಯಿಯಲ್ಲಿರುವ ನಮ್ಮ ಪಟ್ಟಿಯನ್ನು ಯುವಾನ್‌ನಲ್ಲಿರುವ ಅವರ ಪಟ್ಟಿಗೆ ಹೋಲಿಸಲಾಗದು. ಡಾಲರಿಗೆ ಪರಿವರ್ತಿಸಿದರೂ ಬೆಲೆಯ ಜಿಗಿತ ಉಳಿದೇ ಇರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧದ ಬಳಿಕ ಪತ್ರಿಕಾ ಕಾಗದ ಟನ್ನಿಗೆ ಸಾವಿರ ಡಾಲರಿನ ಹತ್ತಿರ ಹೋಗಿತ್ತು. ಆಗ ಕಡಿಮೆ ಕಾಗದ ಕೊಂಡ ಪತ್ರಿಕೆಯೂ ಹೆಚ್ಚು ಹಣ ಕೊಡಬೇಕಾಯಿತು. ಪುಟಗಳು ಸೊರಗಿದ್ದನ್ನು ಓದುಗರು ಗಮನಿಸಿರಬಹುದು.

ಹಾಗಾಗಿ ಈ ಎರಡು ದೇಶಗಳನ್ನು ತೂಗುವವರು ಮೊತ್ತದ ಜೊತೆಗೆ ಟನ್ನುಗಳನ್ನೂ ಕೇಳಬೇಕು, 48ರ ಜೊತೆಗೆ 47ನ್ನೂ ತೆರೆಯಬೇಕು. ಚೀನಾ ಬಾಗಿಲು ಹಾಕಿದ ಮೇಲೆ ಅಮೆರಿಕ, ಯೂರೋಪುಗಳ ರದ್ದಿಯಲ್ಲಿ ಒಂದು ಪಾಲು ಭಾರತದ ಬಂದರುಗಳತ್ತ ತಿರುಗಿತು. ಹೊರಗಿನ ರದ್ದಿಯ ದರ ಏರಿದಾಗ ನಮ್ಮ ಕಾರ್ಖಾನೆಗಳು ಒಳಗಿನ ರದ್ದಿಗೆ ಮುಗಿಬೀಳುತ್ತವೆ. ಬೀದಿಯ ಅಂಗಡಿಯವನು ಹಳೆಯ ಪತ್ರಿಕೆಯ ಕಟ್ಟಿಗೆ ಕಿಲೋಗೆ ಒಂದೆರಡು ರೂಪಾಯಿ ಜಾಸ್ತಿ ಕೊಡುವುದು ಅಂಥ ದಿನಗಳಲ್ಲೇ.