ಮನೆಯ ಅಂದವೂ ಮುಂದಣ ಕಟ್ಟೆಯೂ

ಹರಿಹರದ ಎದುರು ದಂಡೆಯಲ್ಲಿರುವ ಕುಮಾರಪಟ್ಟಣವು 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂದ ತರುವಾಯ ಹೊಸ ರೂಪ ತಾಳಿತು. ಒಕ್ಕಲಿಗರ ಮಾಳಿಗೆ ಮನೆಗಳ ಪಕ್ಕದಲ್ಲಿಯೇ ಆರ್‌.ಸಿ.ಸಿ. ಮನೆಗಳು ಎದ್ದು ನಿಂತವು. ಇಂದು ಗ್ರಾನೈಟ್ ನೆಲ, ಬಣ್ಣದ ದೀಪಗಳ ಛಾವಣಿ, ಕಪಾಟುಗಳಿಂದ ಒಪ್ಪುವ ಅಡುಗೆಮನೆಗಳು ನೋಡುವವರ ಕಣ್ಮನ ಸೆಳೆಯುತ್ತವೆ. ಅಂದದ ಮನೆಯನ್ನು ಬಯಸುವುದು ತಪ್ಪಲ್ಲ. ಆದರೆ ಹಿರಿಯರ ಮನೆಯನ್ನು ಕೆಡವುವ ಮುನ್ನ ಅದರ ರಚನೆಯನ್ನೊಮ್ಮೆ ಕಣ್ತುಂಬ ನೋಡುವುದು ಒಳಿತು.

ನಮ್ಮ ಸೀಮೆಯಲ್ಲಿ ಮನೆಯನ್ನು ಅಂಕಣಗಳಿಂದ ಎಣಿಸುತ್ತಿದ್ದರು. ಕಂಬಗಳ ನಡುವಣ ಜಾಗವೇ ಅಂಕಣ. ಹೊರಗೆ ಕಟ್ಟೆ, ಒಳಹೊಕ್ಕರೆ ದನದ ಕೊಟ್ಟಿಗೆ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡುಗೆಮನೆ ಮತ್ತು ದೇವರ ಜಗುಲಿ. ದಪ್ಪನೆಯ ಮಣ್ಣಿನ ಗೋಡೆಯು ಬಿಸಿಲಿನ ಕಾವನ್ನು ತಡೆಯುವುದರಿಂದ ಬೇಸಿಗೆಯ ಮಧ್ಯಾಹ್ನವೂ ಪಡಸಾಲೆ ತಂಪಾಗಿರುತ್ತಿತ್ತು. ಮಾಳಿಗೆಯ ಬೆಳಕಿಂಡಿಯು ಬೆಳಕನ್ನು ಒಳತಂದು ಒಲೆಯ ಹೊಗೆಗೆ ದಾರಿ ಮಾಡಿಕೊಡುತ್ತಿತ್ತು.

ಹಳೆಯದೆಲ್ಲವೂ ಹಿತವೆಂದಲ್ಲ. ಮಳೆಗಾಲದಲ್ಲಿ ಮಾಳಿಗೆ ಸೋರುತ್ತಿತ್ತು. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಅಡುಗೆ ಮಾಡಿದ ತಾಯಂದಿರ ಕಷ್ಟ ಸಣ್ಣದಲ್ಲ. ಗಾಳಿ ಬೆಳಕಿನ ಅಡುಗೆಮನೆ, ಒಳಗೇ ಬರುವ ನೀರು, ಮನೆಗೆ ಸೇರಿದ ಶೌಚಾಲಯ ಇವು ಹೊಸ ಕಾಲದ ನಿಜವಾದ ಉಪಕಾರಗಳು.

ನದಿಯಾಚೆಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. ಅಲ್ಲಿ ಮಂಟಪದ ಭಾರ ಹೊತ್ತ ನುಣುಪಾದ ಕಂಬಗಳೇ ಅದರ ಅಲಂಕಾರ. ಹಿರಿಯರ ಮನೆಗಳಲ್ಲಿಯೂ ಹಾಗೆಯೇ. ಕೆತ್ತನೆಯ ಕಂಬ, ಗಟ್ಟಿಯಾದ ಬಾಗಿಲುವಾಡಗಳೇ ಶೋಭೆ. ಇಂತಹವನ್ನು ಹಳೆಯ ಮರವೆಂದು ಮಾರುವ ಬದಲು ಹೊಸ ಮನೆಯ ತಲೆಬಾಗಿಲಿಗೋ ಪೂಜಾಕೋಣೆಗೋ ಕೂಡಿಸಬಹುದು. ಎದುರುಬದುರಾಗಿ ಕಿಟಕಿಗಳನ್ನಿಟ್ಟರೆ ಗಾಳಿ ಆಡುತ್ತದೆ. ವಯಸ್ಸಾದವರು ಓಡಾಡುವೆಡೆ ಜಾರುವ ನುಣುಪು ನೆಲ ಬೇಡ. ಒರಟು ಕಲ್ಲೇ ಕ್ಷೇಮ.

ಎಲ್ಲಕ್ಕಿಂತ ಹೆಚ್ಚಾಗಿ ನಾವು ಕಳೆದುಕೊಳ್ಳುತ್ತಿರುವುದು ಕಟ್ಟೆಯನ್ನು. ದಾರಿಹೋಕರು ಕುಳಿತು ದಣಿವಾರಿಸಿಕೊಳ್ಳುತ್ತಿದ್ದುದು, ಸಂಜೆ ಅಜ್ಜಂದಿರು ಕೂಡುತ್ತಿದ್ದುದು ಅಲ್ಲಿಯೇ. ಮನೆಗೆ ಬಂದ ಜಂಗಮರನ್ನು ಎದುರುಗೊಳ್ಳುತ್ತಿದ್ದುದೂ ಆ ಕಟ್ಟೆಯ ಮುಂದೆಯೇ. ಈಗ ಎತ್ತರದ ಆವರಣ ಗೋಡೆ, ಬೀಗ ಹಾಕಿದ ಗೇಟು. ಒಳಗಿನ ಅಜ್ಜನಿಗೆ ಬೀದಿ ಕಾಣದು, ಬೀದಿಯವರಿಗೆ ಅಜ್ಜ ಕಾಣನು.

ಓದುಗ ಬಂಧುಗಳೇ, ಮನೆಯ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಮುಂಬಾಗಿಲ ಬದಿಗೆ ನೆರಳುಳ್ಳ ನಾಲ್ಕಡಿ ಕಟ್ಟೆಯನ್ನೂ ಗುರುತು ಮಾಡಿಸಿರಿ. ಖರ್ಚು ಅಲ್ಪ. ಮನೆಯ ಹಿರಿಯರೂ ಬಾಗಿಲಿಗೆ ಬಂದವರೂ ಅಲ್ಲಿ ಒಟ್ಟಿಗೆ ಕುಳಿತಿರಲಿ.