ಆಯ್ಕೆಯ ಹೊರೆ

ಅಂಗಡಿಯಲ್ಲಿ ಸರಕಿನ ಬಗೆಗಳು ಹೆಚ್ಚಿದಷ್ಟೂ ಕೊಳ್ಳುವವರ ಸುಖವು ಹೆಚ್ಚುವುದೆಂದು ನಾವು ಸಹಜವಾಗಿ ನಂಬುತ್ತೇವೆ. ಈ ನಂಬಿಕೆಯನ್ನು ಶೀನಾ ಅಯ್ಯಂಗಾರ್, ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 2000ರಲ್ಲಿ ಪ್ರಕಟಿಸಿದರು. 24 ಬಗೆಯ ಹಣ್ಣಿನ ಜಾಮನ್ನು ರುಚಿಗಿಟ್ಟಾಗ ಹೆಚ್ಚು ಜನರು ನಿಂತು ನೋಡಿದರು. ಆದರೆ ನಿಂತವರಲ್ಲಿ ಕೊಂಡವರು ನೂರಕ್ಕೆ 3 ಮಂದಿ ಮಾತ್ರ. 6 ಬಗೆಗಳನ್ನಷ್ಟೇ ಇಟ್ಟಾಗಲಾದರೋ ನೂರಕ್ಕೆ 30 ಮಂದಿ ಕೊಂಡರು.

ಎಲ್ಲೆಡೆಯೂ ಹೀಗೆಯೇ ಆಗುವುದೆಂದು ಭಾವಿಸತಕ್ಕದ್ದಲ್ಲ. ಇಂಥ ಅನೇಕ ಪರೀಕ್ಷೆಗಳನ್ನು 2010ರಲ್ಲಿ ಒಟ್ಟಾಗಿ ವಿಮರ್ಶಿಸಿದವರಿಗೆ, ಸರಾಸರಿಯಲ್ಲಿ ಈ ಪರಿಣಾಮವು ಹೆಚ್ಚುಕಡಿಮೆ ಶೂನ್ಯವೆಂದೇ ಕಂಡಿತು. ತನಗೆ ಬೇಕಾದುದನ್ನು ಮೊದಲೇ ಬಲ್ಲವನನ್ನು ಬಾಹುಳ್ಯವು ಅಷ್ಟಾಗಿ ಬಾಧಿಸದು. ಅರಿಯದೆ ಹೊರಟವನೇ ಗೊಂದಲಕ್ಕೀಡಾಗುವನು. ಎಲ್ಲಕ್ಕಿಂತ ಉತ್ತಮವಾದುದೇ ಬೇಕೆಂದು ಹುಡುಕುವವರಲ್ಲಿ ಪಶ್ಚಾತ್ತಾಪವು ಅಧಿಕ, ಸಂತೋಷವು ಕಡಿಮೆ ಎಂಬುದನ್ನು ಬ್ಯಾರಿ ಶ್ವಾರ್ಟ್ಜ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿರುವರು.

ಒಂದು ಸೀರೆಗಾಗಿ ಸಂಜೆಯೆಲ್ಲವನ್ನೂ ಫೋನಿನ ಮುಂದೆ ಕಳೆದು, ಕೊಂಡ ಮೇಲೆ ಕೊಳ್ಳದೆ ಬಿಟ್ಟುದನ್ನೇ ನೆನೆದು ಕೊರಗುವ ಮನೆಗಳು ಇಂದು ವಿರಳವಲ್ಲ. ಇಲ್ಲಿ ನಷ್ಟವಾಗುವುದು ಹಣವೊಂದೇ ಅಲ್ಲ. ಹಿರಿಯರೊಡನೆ ಮಾತನಾಡಬೇಕಾದ, ಮಕ್ಕಳ ಪಾಠವನ್ನು ಕೇಳಬೇಕಾದ ಹೊತ್ತು ಕೂಡ.

ಆದುದರಿಂದ ಗೃಹಸ್ಥರು ಕೊಳ್ಳುವುದಕ್ಕೆ ಮುಂಚೆಯೇ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದಿಡುವುದು ಲೇಸು: ಬೇಕಾದುದೇನು, ಕೊಡಬಹುದಾದ ಬೆಲೆಯೆಷ್ಟು, ಹುಡುಕಲು ಮೀಸಲಿಡುವ ಹೊತ್ತೆಷ್ಟು. ಈ ಮೂರಕ್ಕೂ ಒಪ್ಪುವ ಮೊದಲನೆಯ ವಸ್ತುವನ್ನು ಕೊಂಡು, ಅಲ್ಲಿಗೆ ಹುಡುಕಾಟವನ್ನು ನಿಲ್ಲಿಸಬೇಕು. ಹಿರಿಯರು ಹೀಗೆ ನಡೆದುಕೊಂಡರೆ ‘ಇಷ್ಟು ಸಾಕು’ ಎಂಬ ಮಾತನ್ನು ಮಕ್ಕಳೂ ಉಪದೇಶವಿಲ್ಲದೆಯೇ ಕಲಿಯುವರು.