ಕಣಗಿಲೆ: ಗುರುತಿಸಿ ಬೆಳೆಸಬೇಕಾದ ಗಿಡ

ಪೂಜೆಯ ಹೂಬುಟ್ಟಿಯಲ್ಲಿ ಕಣಗಿಲೆಗೆ ಹಿಂದಿನಿಂದಲೂ ಸ್ಥಾನವುಂಟು. ಬಯಲುಸೀಮೆಯ ಹಿತ್ತಲಿನಲ್ಲಿ ಬೇರೆ ಹೂಗಳೆಲ್ಲ ಬಾಡಿ ನಿಂತ ಬೇಸಿಗೆಯಲ್ಲಿಯೂ ಕೈತುಂಬ ಹೂ ಕೊಡುವ ನಿತ್ಯಹಸುರಿನ ಪೊದೆ ಇದು. ಆದರೆ ಇದರ ಸಂಸ್ಕೃತದ ಹೆಸರುಗಳಲ್ಲಿ ಕರವೀರದ ಜೊತೆಗೆ ‘ಅಶ್ವಮಾರಕ’ ಎಂಬುದೂ ಒಂದು. ಕುದುರೆಯನ್ನು ಕೊಲ್ಲುವಂಥದು ಎಂದು ಅರ್ಥ. ಆಯುರ್ವೇದವು ಇದನ್ನು ಉಪವಿಷಗಳ ಸಾಲಿನಲ್ಲಿ ಸೇರಿಸಿದೆ.

2024ರಲ್ಲಿ ಕೇರಳದ ಯುವತಿಯೊಬ್ಬಳು ಮನೆಯಂಗಳದ ಕಣಗಿಲೆಯ ಎಲೆ, ಹೂಗಳನ್ನು ಅರಿಯದೆ ಅಗಿದುದೇ ಆಕೆಯ ಸಾವಿಗೆ ಕಾರಣವೆಂಬ ಶಂಕೆ ಮೂಡಿತು. ಆ ವರ್ಷದ ಮೇ ತಿಂಗಳಿನಲ್ಲಿ ಅಲ್ಲಿಯ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಈ ಹೂವನ್ನು ಬಳಸಬಾರದೆಂದು ತೀರ್ಮಾನಿಸಿದವು. ಮಲಯಾಳಿಗಳು ಇದನ್ನು ‘ಅರಳಿ’ ಎನ್ನುತ್ತಾರೆ. ಆ ಸುದ್ದಿಯನ್ನು ಓದಿದ ಕನ್ನಡಿಗರು ನಮ್ಮ ಅರಳಿಕಟ್ಟೆಯ ಅಶ್ವತ್ಥವೆಂದು ತಿಳಿದು ಗಾಬರಿಪಡಬೇಕಾಗಿಲ್ಲ.

ಹೆಸರಿನ ಗೊಂದಲ ನಮ್ಮಲ್ಲಿಯೂ ಕಡಿಮೆಯಿಲ್ಲ. ಗೋಸಂಪಿಗೆಯನ್ನು ಕೆಲವೆಡೆ ದೇವಕಣಗಿಲೆ ಎನ್ನುವರು. ಅದು ಎಲೆ ಉದುರಿಸುವ ಮರ. ಮೊಣಕಾಲೆತ್ತರದ ನಿತ್ಯಪುಷ್ಪಕ್ಕೆ ಕಾಶಿಕಣಗಿಲೆ ಎಂಬ ಹೆಸರುಂಟು. ರಕ್ತದ ಕ್ಯಾನ್ಸರಿಗೆ ಕೊಡುವ ಔಷಧಿಯೊಂದು ದೊರೆಯುವುದು ಅದರಿಂದಲೇ. ನಾಲ್ಕನೆಯದು ಹಳದಿ ಕಣಗಿಲೆ. ಇವೆಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವಾದರೂ ಗಿಡಗಳು ಬೇರೆ ಬೇರೆ.

ಹೂವಿಲ್ಲದಾಗಲೂ ಗುರುತು ಹಿಡಿಯಲು ಎಲೆಯನ್ನು ನೋಡಬೇಕು. ನಿಜವಾದ ಕಣಗಿಲೆಯಲ್ಲಿ ಸಾಮಾನ್ಯವಾಗಿ ಒಂದು ಗೆಣ್ಣಿಗೆ ಮೂರು ಎಲೆಗಳು ಸುತ್ತುಗಟ್ಟಿರುತ್ತವೆ. ಎಲೆ ಉದ್ದ, ದಪ್ಪ, ತೊಗಲಿನಂತೆ ಬಿರುಸು. ನಡುನರ ಎದ್ದು ಕಾಣುತ್ತದೆ. ಹೂ ನಸುಗೆಂಪು, ಕೆಂಪು ಅಥವಾ ಬಿಳಿ. ಕಾಯಿ ಜೋಡಿಯಾಗಿ ಕೋಡಿನಂತೆ ಬೆಳೆದು, ಒಣಗಿ ಸೀಳಿದಾಗ ಎಕ್ಕದ ಬೀಜದಂತೆ ಕೂದಲುಳ್ಳ ಬೀಜಗಳು ಹಾರುತ್ತವೆ. ಹಳದಿ ಕಣಗಿಲೆಯಾದರೋ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕಗಳಿಂದ ಬಂದುದು. ಅದರ ಎಲೆ ಇನ್ನೂ ಸಪೂರ, ಹೊಳಪು ಹೆಚ್ಚು, ಒಂದೊಂದಾಗಿ ಹುಟ್ಟುತ್ತದೆ. ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಹೂ ಆಲಿಕೆಯಂತೆ, ಹಸುರು ಕಾಯಿಯೊಳಗೆ ಗಟ್ಟಿ ಓಟೆಯಿರುತ್ತದೆ. ಮಕ್ಕಳ ಕೈಗೆ ಆಟಕ್ಕೆ ಸಿಗುವುದು ಇದೇ. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಹಳದಿ ಕಣಗಿಲೆ ಬೇಡವೆಂದೇ ನನ್ನ ಅಭಿಪ್ರಾಯ.

ಎರಡರಲ್ಲಿಯೂ ಎಲೆ, ಹೂ, ಕಾಂಡ, ಬೇರು, ಬೀಜ ಎಲ್ಲವೂ ವಿಷವೇ. ಒಣಗಿದರೂ ವಿಷ ಹೋಗದು. ಅದು ಹೃದಯದ ಬಡಿತವನ್ನು ಕೆಡಿಸುತ್ತದೆ. ಹೂವನ್ನು ನೆನೆಸಿದ ನೀರಿಗೂ ವಿಷ ಇಳಿಯಬಹುದು. ಲಿಂಗಪೂಜೆಗೆ ಈ ಹೂವನ್ನು ಬಳಸುವ ಮನೆಗಳಲ್ಲಿ ಪಾದೋದಕದ ಬಟ್ಟಲಿಗೂ ಪ್ರಸಾದದ ತಟ್ಟೆಗೂ ಅದು ಬೀಳದಂತೆ ನೋಡಿಕೊಳ್ಳಬೇಕಾದುದು ಇದರಿಂದಲೇ. ಅಲ್ಲಿಗೆ ಮಲ್ಲಿಗೆಯ ಹೂ ಸಾಕು. ಯಾರಾದರೂ ತಿಂದರೆಂಬ ಅನುಮಾನ ಬಂದರೆ ವಾಂತಿ ಮಾಡಿಸುವುದು, ಮಜ್ಜಿಗೆ ಕುಡಿಸುವುದು ಬೇಡ. ಗಿಡದ ಒಂದು ರೆಂಬೆಯನ್ನೂ ಜೊತೆಗಿಟ್ಟುಕೊಂಡು ಆಗಿಂದಾಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊದಮೊದಲು ಚೆನ್ನಾಗಿದ್ದಂತೆ ಕಂಡರೂ ಬಡಿತ ತಡವಾಗಿ ಏರುಪೇರಾಗುವುದುಂಟು.

ಬೆಳೆಸುವ ಕೆಲಸ ಸುಲಭ. ಮುಂಗಾರು ಹಿಡಿದಾಗ ಪೆನ್ಸಿಲಿನ ದಪ್ಪದ, ಗೇಣುದ್ದದ ಕಡ್ಡಿಯನ್ನು ನೆಟ್ಟರೆ ಬೇರು ಬಿಡುತ್ತದೆ. ಬಿಸಿಲು ಚೆನ್ನಾಗಿ ಬೀಳಬೇಕು, ನೀರು ನಿಲ್ಲಬಾರದು. ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಹೂ ಮುಗಿದೊಡನೆ ಸವರುವುದು ಒಳ್ಳೆಯದು. ಸವರುವಾಗ ಕೈಗವಸು ಇರಲಿ. ಕಡಿದ ರೆಂಬೆಗಳನ್ನು ನೀರೊಲೆಗೆ ಹಾಕಬಾರದು, ಹೊಗೆಯೂ ಹಾನಿಕರ. ದನದ ಗೋದಲಿಯ ಹತ್ತಿರವಂತೂ ಸುಳಿಯಗೊಡಬಾರದು. ದನಕರುಗಳು ಹಸಿ ಎಲೆಯನ್ನು ಮೂಸಿ ಬಿಟ್ಟುಬಿಡುವುದರಿಂದಲೇ ಹೆದ್ದಾರಿಗಳ ನಡುಸಾಲಿನಲ್ಲಿ ಈ ಗಿಡ ಸೊಂಪಾಗಿ ಉಳಿದಿದೆ.

ಎಲೆ ತಿನ್ನುವ ಹುಳುಗಳನ್ನು ಕಂಡು ಔಷಧಿ ಹೊಡೆಯಲು ಅವಸರಪಡಬೇಡಿ. ಕಣಗಿಲೆಯ ವಿಷವನ್ನು ಅರಗಿಸಿಕೊಳ್ಳುವ ಚಿಟ್ಟೆಯೊಂದರ ಮರಿಗಳು ಅವಾಗಿರಬಹುದು. ಕೆಲವೇ ದಿನಗಳಲ್ಲಿ ಎಲೆಯ ಅಡಿಯಲ್ಲಿ ಹೊನ್ನಿನ ಓಲೆಯಂತೆ ಹೊಳೆಯುವ ಅದರ ಕೋಶ ತೂಗುತ್ತದೆ.